ಕ್ವಾರ್ಟರ್‌ಬ್ಯಾಕ್‌ಗೆ ಸನ್ಮಾನ

ನಮ್ಮ ಮನೆಯವರಿಗೆ ನಲವತ್ತೆಂಟು ತುಂಬಿದ ವರ್ಷ, ಅವರ ಟೀಮಿನವರೆಲ್ಲ ಸೇರಿ ಅವರನ್ನು ತೆಗೆದುಹಾಕಬೇಕು ಅಂತ ತೀರ್ಮಾನ ಮಾಡಿದರು. ಈ ತೀರ್ಮಾನವನ್ನು ಅವರೊಬ್ಬರಿಗೆ ಬಿಟ್ಟು ಮಿಕ್ಕೆಲ್ಲರಿಗೂ ತಿಳಿಸಿದರು. ನನಗೂ ತಿಳಿಸಿದರು.

ಯಾವ ಟೀಮು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಿದರೂ ಯಾರೂ ನಂಬುವುದಿಲ್ಲ. ಕನ್ನಡದವರು ನಾಲ್ಕು ಜನ ಸೇರಿದರೆ ಕ್ರಿಕೆಟ್ ಆಡುತ್ತಾರೆ, ಇಲ್ಲವೇ ಸಂಘ ಕಟ್ಟಿ ಜಗಳ ಆಡುತ್ತಾರೆ. ನಮ್ಮವರು ಆಡುತ್ತಿದ್ದದ್ದು ಅಮೆರಿಕದವರ ಫುಟ್‌ಬಾಲು. ಹೆಸರಿಗೆ ಫುಟ್‌ಬಾಲು, ಆಡುವುದೆಲ್ಲ ಕೈಯಲ್ಲಿ. ಸುಲಿದ ತೆಂಗಿನಕಾಯಿಯ ಆಕಾರದ ಚೆಂಡು. ಅಲ್ಲಿಯವರ ಹಾಗೆ ಮೈಮೇಲೆ ಬಿದ್ದು ಕೆಡವುವುದಕ್ಕೆ ನಮ್ಮವರ ಸೊಂಟ ಒಪ್ಪುವುದಿಲ್ಲವಲ್ಲ, ಹಾಗಾಗಿ ಸೊಂಟಕ್ಕೆ ಎರಡು ಬಟ್ಟೆ ಪಟ್ಟಿ ಸಿಗಿಸಿಕೊಂಡು ಓಡುವುದು. ಎದುರಾಳಿ ಆ ಪಟ್ಟಿ ಕಿತ್ತುಕೊಂಡರೆ ಔಟ್. ನಾವಿರುವ ಈ ಪರದೇಶದಲ್ಲಿ ಇವರ ಪಾಯಾ ಲೆಬಾರ್ ಆಫೀಸಿಗೆ ಅಮೆರಿಕದಿಂದ ಬಂದಿದ್ದ ಮ್ಯಾನೇಜರ್ ಒಬ್ಬ ಈ ಹುಚ್ಚು ಹತ್ತಿಸಿದ. ಅವನು ಊರಿಗೆ ಹಿಂದಿರುಗುವಾಗ ಚೆಂಡನ್ನು ಇವರ ಕೈಗೆ ಕೊಟ್ಟು ಹೋದ. ಚೆಂಡು ಯಾರ ಕೈಯಲ್ಲಿದೆಯೋ ಅವನೇ ಕ್ವಾರ್ಟರ್‌ಬ್ಯಾಕ್ ಅಂತ ಇವರು ತಿಳಿದುಕೊಂಡರು. ಟೀಮೂ ಹಾಗೇ ತಿಳಿದುಕೊಂಡಿತು.

ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆಯುವವನು. ಮಿಕ್ಕವರು ಓಡುತ್ತಾರೆ, ಇವನು ನೋಡಿ ಎಸೆಯುತ್ತಾನೆ, ಅವರು ಹಿಡಿಯುತ್ತಾರೆ. ಗೆದ್ದರೆ ಹಿಡಿದವರ ಜಾಣತನ, ಸೋತರೆ ಎಸೆದವನ ತಪ್ಪು. ಯಾರಿಗೆ ಎಷ್ಟು ದೂರಕ್ಕೆ ಎಸೆಯುವುದು ಅನ್ನುವುದನ್ನು ಮೊದಲೇ ಕೂಗಿ ಹೇಳಬೇಕು, ಎದುರಾಳಿಗೆ ತಿಳಿಯಬಾರದು. ಅದಕ್ಕೆ ಇವರು ತಿಂಡಿಯ ಹೆಸರು ಇಟ್ಟಿದ್ದರು. ಇಡ್ಲಿ ಅಂದರೆ ಹತ್ತಿರಕ್ಕೆ, ಮಸಾಲೆ ದೋಸೆ ಅಂದರೆ ದೂರಕ್ಕೆ. ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಬೋಳುತಲೆಯವರೊಬ್ಬರು “ಇಡ್ಲೀ...” ಅಂತ ಕೂಗುವುದನ್ನೂ ಏಳು ಜನ ದಿಕ್ಕಾಪಾಲಾಗಿ ಓಡುವುದನ್ನೂ ಕಂಡು ಫಿಲಿಪೀನ್ಸ್ ಟೀಮಿನವರು ಬಾಯಿಬಿಟ್ಟುಕೊಂಡು ನಿಲ್ಲುತ್ತಿದ್ದರು. ನಮ್ಮವರು ಗೆದ್ದ ಪಂದ್ಯಗಳಲ್ಲಿ ಅರ್ಧ ಗೆದ್ದದ್ದು ಹೀಗೆ.

ಎರಡು ಸಾವಿರದ ಹದಿನೈದರ ಆಸುಪಾಸಿನ ಹೊತ್ತಿಗೆ, ಆಗಲೇ ಅಪರೂಪವಾಗಿದ್ದ ದೋಸೆ ನಿಂತೇಹೋಯಿತು. ಬರೀ ಇಡ್ಲಿ. ಟೀಮಿನಲ್ಲಿ ಗೊಣಗಾಟ ಶುರುವಾಯಿತು: ಯಜಮಾನರ ಭುಜ ಮುಗಿಯಿತು, ಚೆಂಡು ದೂರ ಹೋಗುತ್ತಿಲ್ಲ. ಭುಜ ಮುಗಿದಿದ್ದು ನನಗೆ ಅವರಿಗಿಂತ ಮೊದಲೇ ಗೊತ್ತಿತ್ತು, ಬಿಸಿ ಎಣ್ಣೆ ತಿಕ್ಕುತ್ತಿದ್ದವಳು ನಾನು ತಾನೇ. ಜೊತೆಗೆ ಟೀಮಿಗೆ ಹೊಸ ಹುಡುಗ ಬಂದಿದ್ದ. ಸೆಂಗ್‌ಕಾಂಗ್‌ನಲ್ಲಿ ನಮ್ಮ ಪಕ್ಕದ ಬ್ಲಾಕಿನವನು, ಇಲ್ಲೇ ಬೆಳೆದವನು, ಇಲ್ಲಿಯ ಹುಡುಗರಿಗೆಲ್ಲ ಕಡ್ಡಾಯವಾದ ಮಿಲಿಟರಿ ಟ್ರೇನಿಂಗ್ ಆಗಷ್ಟೇ ಮುಗಿಸಿದ್ದ. ತೋಳು ಒನಕೆಯ ಹಾಗೆ. ಅವನು ಎಸೆದರೆ ಚೆಂಡು ಸುಯ್ ಅನ್ನುತ್ತಿತ್ತು. ಅವನನ್ನು ಕಂಡ ದಿನದಿಂದ ಎಲ್ಲರಿಗೂ ಮಸಾಲೆ ದೋಸೆಯ ಆಸೆ.

ಟೀಮಿನ ಮ್ಯಾನೇಜರು ಮೈಸೂರಿನವರು, ತಂಜಾಂಗ್ ಪಗಾರ್‌ನ ಬ್ಯಾಂಕೊಂದರಲ್ಲಿ ಕೆಲಸ. ಚೆಂಡು ಹಿಡಿಯಲು ಎಲ್ಲರಿಗಿಂತ ಮುಂದೆ ಓಡುವವರೂ ಅವರೇ, ಅತಿ ಹೆಚ್ಚು ಗೊಣಗುವವರೂ ಅವರೇ. ಕೆಲಸ ಇದ್ದಾಗ ಮಾತ್ರ ನನ್ನನ್ನು ಅತ್ತಿಗೆ ಅನ್ನುತ್ತಿದ್ದರು. ಒಂದು ಸಂಜೆ ಲಿಫ್ಟಿನ ಹತ್ತಿರ ಹಿಡಿದು ನಿಲ್ಲಿಸಿದರು.

“ಅತ್ತಿಗೆ, ಸಾರ್‌ಗೆ ನೀವೇ ಸ್ವಲ್ಪ ಸೂಕ್ಷ್ಮವಾಗಿ ಹೇಳ್ಬೇಕು.”

“ಏನಂತ?”

“ಅದೇ... ರೆಸ್ಟ್ ತಗೊಳ್ಳಿ ಅಂತ. ಅವರು ಕಟ್ಟಿದ ಟೀಮು, ನಾವು ಹೇಳಿದ್ರೆ ಚೆನ್ನಾಗಿರಲ್ಲ.”

“ತೆಗೆಯೋರು ನೀವು, ಹೇಳೋಳು ನಾನಾ? ಇದ್ಯಾವ ನ್ಯಾಯ?” ಅಂದೆ. ಬೆಕ್ಕಿಗೆ ಗಂಟೆ ಕಟ್ಟಲು ಬೆಕ್ಕಿನ ಹೆಂಡತಿಯನ್ನೇ ಕರೆಯುವ ಇಲಿಗಳನ್ನು ನಾನು ಅವತ್ತೇ ಕಂಡದ್ದು.

ನಿಜ ಹೇಳಬೇಕೆಂದರೆ ನನಗೂ ಅವರು ಬಿಟ್ಟರೆ ಸಾಕಾಗಿತ್ತು. ಆದರೆ ಬೇರೆಯವರು ಬಿಡಿಸುತ್ತಾರೆ ಅಂದಾಗ ಸಿಟ್ಟು ಬಂತು. ಗಂಡನನ್ನು ಬೈಯುವ ಹಕ್ಕು ನನ್ನದು. ಅದನ್ನು ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ. ಟೀಮಿನವರ ಮಾತೂ ಪೂರ್ತಿ ಸುಳ್ಳಲ್ಲ. ಸತತ ಸೋಲು, ಹುಡುಗ ಬೆಂಚಿನಲ್ಲಿ ಕೂತು ಕಾಯುತ್ತಿದ್ದಾನೆ, ಅವನೂ ಬೇರೆ ಟೀಮಿಗೆ ಹೊರಟರೆ ಕಥೆ ಮುಗಿಯಿತು. ಹಾಗಂತ, ಈ ದೇಶಕ್ಕೆ ಬಂದು ಇಳಿದಾಗ ಯಾರ ಪರಿಚಯವೂ ಇಲ್ಲದೆ ವಾರಾಂತ್ಯ ಪೂರ್ತಿ ಮಂಕಾಗಿ ಕೂರುತ್ತಿದ್ದ ಈ ಜನರನ್ನೆಲ್ಲ ಎಳೆದು ತಂದು ಓಡಿಸಿದ್ದು ಯಾರು? ಅದಕ್ಕೆ ಲೆಕ್ಕವಿಲ್ಲವೇ? ರಾತ್ರಿ ಅಡುಗೆ ಮಾಡುತ್ತ ಎರಡೂ ಕಡೆಯ ವಾದ ನಾನೇ ಮಾಡಿಕೊಂಡೆ. ಹುಳಿ ಸೀದುಹೋಯಿತು.

ನಾನು ಒಪ್ಪದಿದ್ದಾಗ ಮೈಸೂರಿನವರು ನಮ್ಮ ಜನಕ್ಕೆ ಮಾತ್ರ ಹೊಳೆಯುವ ಉಪಾಯ ಹುಡುಕಿದರು. ಸನ್ಮಾನ. ನಮ್ಮಲ್ಲಿ ಒಬ್ಬರನ್ನು ಕುರ್ಚಿಯಿಂದ ಎಬ್ಬಿಸಬೇಕಾದರೆ ಮೊದಲು ಅದಕ್ಕಿಂತ ದೊಡ್ಡ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸುತ್ತೇವೆ. ತಲೆಗೆ ಪೇಟ ಇಟ್ಟು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಅವರು ಮಾಡಿದ್ದನ್ನೆಲ್ಲ ‘ಮಾಡಿದ್ದರು, ನಡೆಸಿದ್ದರು’ ಅಂತ ಭೂತಕಾಲದಲ್ಲಿ ಹೊಗಳಿದರೆ ಆಯಿತು, ಎಂಥ ದಡ್ಡನಿಗೂ ಅರ್ಥವಾಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ನಮ್ಮ ಬ್ಲಾಕಿನ ಕೆಳಗೆ, ಕಂಬಗಳ ನಡುವೆ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್‌ನಲ್ಲೇ ಕಾರ್ಯಕ್ರಮ. ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೈಕು, ಕಂಬಕ್ಕೆ ಚೆಂಡು ಹೂವು. ಪೇಟ ಮೈಸೂರಿನಿಂದ ಯಾರದೋ ಸೂಟ್‌ಕೇಸಿನಲ್ಲಿ ಬಂದಿತ್ತು. ಲಿಫ್ಟಿಗೆ ಕಾಯುತ್ತಿದ್ದ ನಾಲ್ಕನೇ ಮಹಡಿಯ ಚೀನೀ ಆಂಟಿ ಇವರ ಪೇಟ, ಹಾರ ನೋಡಿ ನನ್ನ ಹತ್ತಿರ ಬಂದು “ವೆಡ್ಡಿಂಗ್ ಆ?” ಅಂತ ಕೇಳಿದರು. “ನೋ, ರಿಟೈರ್‌ಮೆಂಟ್” ಅಂದೆ. “ವಾಹ್, ಸೋ ಯಂಗ್!” ಅಂದರು. ಇಡೀ ಸಂಜೆ ಮನಸ್ಸಿನಿಂದ ಬಂದ ಹೊಗಳಿಕೆ ಅದೊಂದೇ.

ಮೈಸೂರಿನವರು ಗದ್ಗದ ಕಂಠದಲ್ಲಿ ಮಾತಾಡಿದರು. ಸಾರ್ ಒಂದು ಯುಗ, ಸಾರ್ ಒಂದು ಶಕ್ತಿ, ಅವರು ನಡೆದ ದಾರಿಯಲ್ಲಿ ನಾವು ಮುಂದೆ ಸಾಗಬೇಕು. ಎಲ್ಲರೂ ಚಪ್ಪಾಳೆ ತಟ್ಟಿ, ಇನ್ನೇನು ಇವರು ಕಣ್ಣೊರೆಸಿಕೊಂಡು ಹುಡುಗನ ಕೈಗೆ ಚೆಂಡು ಕೊಡುತ್ತಾರೆ ಅಂತ ಕಾದರು. ಇವರು ಎದ್ದು ಪೇಟ ಸರಿಮಾಡಿಕೊಂಡು ಮೈಕು ಹಿಡಿದರು.

“ನಿಮ್ಮ ಈ ಪ್ರೀತಿ ನೋಡಿ ನನಗೆ ಮಾತೇ ಬರ್ತಿಲ್ಲ. ನಿಜ ಹೇಳ್ತೀನಿ, ಈ ವರ್ಷ ನಿಲ್ಲಿಸಿಬಿಡೋಣ ಅಂತಿದ್ದೆ. ಆದರೆ ಇಷ್ಟು ಜನ ಇಷ್ಟು ವಿಶ್ವಾಸ ಇಟ್ಟಿರೋವಾಗ ಬಿಟ್ಟು ಹೋಗೋದು ದ್ರೋಹ ಆಗುತ್ತೆ. ಇನ್ನೂ ಐದು ವರ್ಷ ನಾನೇ ಎಸೀತೀನಿ!”

ಟೀಮಿನ ಮುಖಗಳು ಇಂಗು ತಿಂದ ಮಂಗನ ಹಾಗಾದವು. ಮೈಸೂರಿನವರ ಕೈಗಳು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟುತ್ತಲೇ ಇದ್ದವು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕಂಬದ ಹಿಂದೆ ಹೋದೆ.

ಮನೆಗೆ ಬಂದ ಮೇಲೆ ಕೇಳಿದೆ: “ಅಲ್ಲಾ ರೀ, ಅವರು ಯಾಕೆ ಸನ್ಮಾನ ಮಾಡಿದ್ದು ಅಂತ ನಿಮಗೆ ಅರ್ಥ ಆಗ್ಲಿಲ್ವಾ?”

“ಶಾಲು ತಂದಾಗ್ಲೇ ಆಯ್ತು. ಬೇಕಂತಲೇ ಹಾಗಂದೆ. ಆ ಮ್ಯಾನೇಜರ್ ಮುಖ ನೋಡಿದ್ಯಾ?” ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಇಷ್ಟು ವರ್ಷ ಜೊತೇಲಿ ಆಡಿದ್ದಾರೆ ಕಣೇ. ಒಬ್ಬನಾದ್ರೂ ಎದುರಿಗೆ ಬಂದು ‘ಇನ್ನು ಸಾಕು’ ಅಂದ್ರೆ ಅವತ್ತೇ ಬಿಡ್ತೀನಿ. ಅಷ್ಟೂ ಹೇಳೋಕಾಗದೆ ಹೋದ್ರೆ ನಾನು ಅವರಿಗೆ ಏನಾಗಿದ್ದೆ ಹೇಳು?” ಅಂದರು.

“ನಾನು ಹೇಳ್ತೀನಿ. ಸಾಕು, ಬಿಟ್ಟುಬಿಡಿ.”

“ನೀನು ಟೀಮಲ್ಲಿಲ್ಲ” ಅಂದರು.

ಅವರಿಗೆ ಇಷ್ಟು ನೋವಾಗಿದೆ ಅಂತ ನಾನು ಎಣಿಸಿರಲಿಲ್ಲ. ಅವತ್ತು ಎಣ್ಣೆ ತಿಕ್ಕುವಾಗ ಬೈಯಲಿಲ್ಲ.

ಮುಂದಿನ ಭಾನುವಾರ ಪಂದ್ಯ. ಮೈದಾನದಲ್ಲಿ ಎಲ್ಲರೂ ಇವರ ಕಣ್ಣು ತಪ್ಪಿಸಿ ಷೂ ಲೇಸು ಕಟ್ಟಿಕೊಳ್ಳುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಇವರು ಚೆಂಡು ಕಂಕುಳಲ್ಲಿ ಇಟ್ಟುಕೊಂಡು ಒಬ್ಬೊಬ್ಬರ ಮುಖವನ್ನೇ ನೋಡುತ್ತ ನಿಂತಿದ್ದರು. ಕೊನೆಗೆ ಹುಡುಗ ನೆಟ್ಟಗೆ ಬಂದು ಎದುರಿಗೆ ನಿಂತ.

“ಅಂಕಲ್, ನಿಮ್ಮ ಶೋಲ್ಡರ್ ಸರಿ ಇಲ್ಲ ಲಾ. ನಾನು ಬೆಟರ್ ಎಸೀತೀನಿ. ಟುಡೇ ನಾನು ಎಸೀಲಾ?”

ಮೈಸೂರಿನವರು “ಏಯ್, ದೊಡ್ಡೋರ ಹತ್ರ ಹಾಗಾ ಮಾತಾಡೋದು!” ಅಂತ ಗದರಿಸಿದರು. ಇವರು ಹುಡುಗನನ್ನು ಒಂದು ಕ್ಷಣ ನೋಡಿ, ಚೆಂಡು ಅವನ ಕೈಗಿಟ್ಟು, ಬಂದು ನನ್ನ ಪಕ್ಕ ಚಾಪೆಯ ಮೇಲೆ ಕೂತರು. ಇಷ್ಟು ವರ್ಷಗಳಲ್ಲಿ ಅವರ ಟೀಮಿನ ಆಟವನ್ನು ಅವರು ಹೊರಗಿನಿಂದ ನೋಡಿದ್ದು ಅದೇ ಮೊದಲು.

ಹುಡುಗ “ಮಸಾಲೆ ದೋಸೆ” ಅಂತ ಕೂಗಿದ. ಟೀಮಿನಲ್ಲಿ ಹಬ್ಬ. ಚೆಂಡು ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹೋಯಿತು. ಮೈಸೂರಿನವರು ಓಡಿದರು, ಕೈ ಚಾಚಿದರು, ಚೆಂಡು ಅವರ ಎದೆಗೆ ಬಡಿದು ಕೆಳಗೆ ಬಿತ್ತು. ಮತ್ತೊಂದು ದೋಸೆ. ಅದು ಬೆರಳಿಗೆ ತಗುಲಿ ಪಕ್ಕದ ಮಕ್ಕಳ ಆಟದ ಜಾಗಕ್ಕೆ ಹೋಯಿತು. ಇನ್ನೊಬ್ಬರಂತೂ ಚೆಂಡು ಬರುವುದನ್ನು ಕಂಡು ಬಗ್ಗಿಬಿಟ್ಟರು. “ಬಿಸಿಲು ಕಣ್ಣಿಗೆ ಹೊಡೀತು”, “ಹುಲ್ಲು ಒದ್ದೆ ಇತ್ತು.” ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ದೋಸೆಯೂ ಯಾರ ತಟ್ಟೆಗೂ ಬೀಳಲಿಲ್ಲ.

ಬಿಡುವಿನಲ್ಲಿ ಪಾನಕ ಕುಡಿಯಲು ಬಂದಾಗ ಮೈಸೂರಿನವರು ಇವರ ಮುಂದೆ ನಿಂತು ತಲೆ ಕೆರೆದುಕೊಂಡರು. “ಸಾರ್, ಸೆಕೆಂಡ್ ಹಾಫ್ ನೀವೇ ಒಂದ್ಸಲ...”

ಇವರ ಕೈ ಚೆಂಡಿನ ಕಡೆಗೆ ಹೋದದ್ದನ್ನು ನಾನು ನೋಡಿದೆ. ಅವರಿಗೆ ಎಷ್ಟು ಆಸೆಯಿತ್ತು ಅಂತ ನನಗೆ ಗೊತ್ತು. ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡು, “ಇಲ್ಲ. ಹುಡುಗ ಕೇಳಿ ಇಸ್ಕೊಂಡಿದ್ದಾನೆ. ಅವನೇ ಎಸೀಲಿ” ಅಂದರು.

ಮೈಸೂರಿನವರು ಆಚೆ ಹೋದ ಮೇಲೆ ಹುಡುಗ ಬಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. “ಅಂಕಲ್, ಯಾಕೆ ಯಾರೂ ಹಿಡೀತಿಲ್ಲ?”

ಇವರು ದನಿ ತಗ್ಗಿಸಿ ಹೇಳತೊಡಗಿದರು. “ಮ್ಯಾನೇಜರ್‌ಗೆ ದೂರದ ಚೆಂಡು ಅಂದ್ರೆ ಭಯ, ಕೊನೇ ಗಳಿಗೇಲಿ ಕಣ್ಣು ಮುಚ್ಕೋತಾರೆ. ಎದೆ ಮಟ್ಟಕ್ಕೆ, ಮೆತ್ತಗೆ, ಹತ್ತು ಹೆಜ್ಜೆ ಒಳಗೆ ಕೊಡು. ಆ ಕನ್ನಡಕದವರಿಗೆ ಎಡಗಡೆಯಿಂದ ಬಂದದ್ದು ಕಾಣಲ್ಲ. ಆ ಉದ್ದನೆಯವನು ಮೊದಲನೇದು ಬಿಟ್ಟ ತಕ್ಷಣ ಇನ್ನೊಂದು ಅವನಿಗೇ ಎಸೀಬೇಕು, ಇಲ್ಲಾಂದ್ರೆ ಇಡೀ ದಿನ ಅಳುಮುಖ.”

“ಅದಕ್ಕೇನಾ ನೀವು ಆಲ್ವೇಸ್ ಇಡ್ಲಿ?”

“ಈಗ ಭುಜಾನೂ ಹೋಗಿದೆ ಅನ್ನು. ಆದ್ರೆ ಅದು ಹೋಗೋಕೆ ಮುಂಚೆಯಿಂದಾನೂ ಇಡ್ಲೀನೇ.”

ನಾನು ಪಾನಕದ ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಮನೆಯಲ್ಲಿ ಒಂದು ದಿನವೂ ಈ ಮಾತು ಆಡಿರಲಿಲ್ಲ. ಭುಜ ಹೋಯಿತು ಅಂತ ಊರೆಲ್ಲ ಆಡಿಕೊಳ್ಳುವಾಗಲೂ, ನಾನೇ ಆಡಿಕೊಳ್ಳುವಾಗಲೂ, ಹೂಂ ಅಂದುಕೊಂಡು ಎಣ್ಣೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು.

ಎರಡನೆಯ ಅರ್ಧದಲ್ಲಿ ಹುಡುಗ ಹತ್ತಿರಕ್ಕೇ ಎಸೆದ. ಮೈಸೂರಿನವರು ಹಿಡಿದರು, ಮತ್ತೆ ಹಿಡಿದರು, ಒಮ್ಮೆಯಂತೂ ಹಿಡಿದುಕೊಂಡು ಗೆರೆ ದಾಟಿ ಓಡಿ ಎರಡೂ ಕೈ ಎತ್ತಿ ಕುಣಿದರು. ಅಷ್ಟು ದಿನಗಳ ಮೇಲೆ ನಾವು ಗೆದ್ದೆವು.

ಪಂದ್ಯ ಮುಗಿದು ಎಲ್ಲರೂ ಚಿತ್ರಾನ್ನ ತಿನ್ನುವಾಗ ಮೈಸೂರಿನವರು ತಟ್ಟೆ ಹಿಡಿದುಕೊಂಡು ಇವರ ಹತ್ತಿರ ಬಂದರು. ಹುಡುಗ ಅಲ್ಲೇ ಇದ್ದ.

“ಗೆದ್ದಿದ್ದೇನೋ ಆಯ್ತು ಸಾರ್. ಆದ್ರೆ ಹುಡುಗನ ಕೈಲಿ ದಮ್ಮಿಲ್ಲ, ನೋಡಿದ್ರಾ? ಕೊನೆಕೊನೆಗೆ ಬರೀ ಹತ್ರಕ್ಕೇ ಎಸೆದ. ನಾನಾಗಿರೋದಕ್ಕೆ ಹಿಡಿದೆ.”

ಹುಡುಗನ ಮುಖ ಕೆಂಪಾಯಿತು. ಹೇಳಿಯೇಬಿಡುತ್ತೇನೆ ಅಂತ ಬಾಯಿ ತೆರೆದ. ಇವರು ಅವನ ಮಂಡಿಯ ಮೇಲೆ ಕೈಯಿಟ್ಟು ಮೆಲ್ಲಗೆ ಅದುಮಿದರು. ಹುಡುಗ ಅವರನ್ನು ನೋಡಿದ, ಬಾಯಿ ಮುಚ್ಚಿದ, ಮೈಸೂರಿನವರ ಕಡೆ ತಿರುಗಿ, “ಸಾರಿ ಅಂಕಲ್, ಪ್ರಾಕ್ಟೀಸ್ ಮಾಡ್ತೀನಿ” ಅಂದ.