ಮನೆಯೇ ಶಾಲೆಯಾದಾಗ ಬಾಗಿಲು ತಟ್ಟುವವರು ಯಾರು?

ಮುಂಬಯಿಯ ಸಯನ್‌ಗೆ ಬಂದ ಮೊದಲ ವಾರ. ಸೋಮವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಹತ್ತು ವರ್ಷದ ಹುಡುಗಿಯೊಬ್ಬಳು ಕೂತು ಇರುವೆ ಸಾಲಿನ ಚಿತ್ರ ಬರೆಯುತ್ತಿದ್ದಳು. ಜ್ವರವಿರಬೇಕೆಂದು ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಶಾಲೆಗೆ ಯಾಕೆ ಹೋಗಿಲ್ಲ ಎಂದು ನನ್ನ ದಖನಿ ಉರ್ದು ಬೆರೆತ ಹಿಂದಿಯಲ್ಲಿ ಕೇಳಿದೆ.

"ನಾನು ಶ... ಶಾಲೆಗೆ ಹೋಗೋದೇ ಇಲ್ಲ, ಆಂಟಿ," ಎಂದಳು. ಮಾತು ತೊದಲಿತೇ ಹೊರತು ಮುಖದಲ್ಲಿ ಅಂಜಿಕೆಯಿರಲಿಲ್ಲ.

ನಾನು ದಂಗಾದೆ. ವಿಜಯಪುರದ ಹತ್ತಿರದ ಹಳ್ಳಿಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದವಳು ನಾನು. ನಮ್ಮ ಕಡೆ ಮಕ್ಕಳು ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಜೂನ್ ಬಂತೆಂದರೆ ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಈ ಅಕ್ಕೋರು ಓಣಿ ಓಣಿ ಅಲೆಯಬೇಕು. ಶಾಲೆಯ ಹೊತ್ತಿನಲ್ಲಿ ಹುಡುಗಿ ಮನೆಯಲ್ಲಿದ್ದಾಳೆಂದರೆ ಅಲ್ಲಿ ಕಾರಣ ಮೂರೇ: ಬೇನೆ, ಬಡತನ, ಇಲ್ಲವೇ ಮದುವೆ. ಇಲ್ಲಿ ನಾಲ್ಕನೆಯದೊಂದಿದೆ ಎಂದು ಆವತ್ತು ಗೊತ್ತಾಯಿತು.

ಹುಡುಗಿಯ ಹೆಸರು ತಾರಾ. ಅವಳ ತಾಯಿ ನಂದಿತಾ ನಮ್ಮ ಮೇಲಿನ ಮಹಡಿಯವರು, ಉಡುಪಿ ಕಡೆಯ ಮನೆತನ, ಹುಟ್ಟಿದ್ದು ಬೆಳೆದಿದ್ದೆಲ್ಲ ಮುಂಬಯಿ. ಮಗಳನ್ನು ಶಾಲೆ ಬಿಡಿಸಿ, ಫೋರ್ಟ್ ಪ್ರದೇಶದ ಬ್ಯಾಂಕಿನ ಕೆಲಸವನ್ನೂ ಬಿಟ್ಟು, ಮನೆಯಲ್ಲೇ ಕಲಿಸುತ್ತಿದ್ದರು. ನಾನು ಶಿಕ್ಷಕಿಯೆಂದು ತಿಳಿದು ತಾರಾಳಿಗೆ ಕನ್ನಡ ಹೇಳಿಕೊಡಲು ಕರೆದರು.

ಆ ಕರೆ ನನಗೆ ಆಸರೆಯಾಯಿತು. ಗಂಡ ಆಸ್ಪತ್ರೆಯ ಲ್ಯಾಬಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಊರಲ್ಲಿ ಅಂಗಳಕ್ಕೆ ಕಾಲಿಟ್ಟರೆ ಮಾತು ಸಿಗುತ್ತಿತ್ತು. ಇಲ್ಲಿ ಕಿಟಕಿ ತೆರೆದರೆ ಎದುರಿನವರ ಕಿಟಕಿ, ಅದೂ ಮುಚ್ಚಿದ್ದು. ಜೋಳದ ಹಿಟ್ಟು ಸಿಗುವ ಗಿರಣಿ ಹುಡುಕಲು ತಿಂಗಳು ಹಿಡಿಯಿತು. ಬೇಡ ಎನ್ನಲು ದಖನಿಯಲ್ಲಿ 'ನಕ್ಕೋ' ಎನ್ನುತ್ತೇವೆ, ಮರಾಠಿಯವರು 'ನಕೋ' ಎನ್ನುತ್ತಾರೆ. ಆ ಒಂದು ಮಾತಿನ ಬಲದಿಂದಲೇ ಬಹಳ ದಿನ ಸಂತೆ ಮಾಡಿದೆ.

ತಾರಾ ಚುರುಕು. ಮೂರು ಭಾಷೆ ಓದುತ್ತಿದ್ದಳು. ಒಂದು ದಿನ ನಾನು ನಂದಿತಾರನ್ನು ಕೇಳಿಯೇಬಿಟ್ಟೆ: "ನೀವು ಏನು ಕಲಿಸ್ತೀರಿ, ಹೆಂಗ ಕಲಿಸ್ತೀರಿ ಅಂತ ಸರ್ಕಾರದಿಂದ ಯಾರೂ ಬಂದು ನೋಡೂದಿಲ್ಲೇನ್ರೀ?"

"ಯಾರೂ ಇಲ್ಲ. ಬರೋದೂ ಬೇಡ," ಎಂದರು ನಂದಿತಾ. "ಶಾಲೇಲಿ ಅವಳ ತೊದಲು ಬಿಡಿಸ್ತೇನೆ ಅಂತ ಟೀಚರ್ ದಿನಾ ನಿಲ್ಲಿಸಿ ಓದಿಸ್ತಿದ್ರು. ಪೂರಾ ಕ್ಲಾಸ್ ನಗ್ತಿತ್ತು. ಕೊನೆಗೆ ಮನೇಲೂ ಮಾತು ನಿಲ್ಲಿಸಿಬಿಟ್ಟಳು. ಅಂಥವರೇ ನಾಳೆ ಇನ್ಸ್‌ಪೆಕ್ಟರ್ ಆಗಿ ಬಂದ್ರೆ?"

ನಾನು ತಾರಾಳ ಕನ್ನಡ ಪುಸ್ತಕ ತೆರೆದು ಕೂತೆ.

ಆಮೇಲೆ ಬಸಪ್ಪ ಸಿಕ್ಕ. ಯಾದಗಿರಿ ಕಡೆಯ, ಗೋಡೆ ಕಟ್ಟುವ ಗೌಂಡಿ, ನಮ್ಮ ಹಿಂದಿನ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡದ ತಗಡಿನ ಶೆಡ್ಡಿನಲ್ಲಿ ಸಂಸಾರ. ನಾನು ಫೋನಿನಲ್ಲಿ ಆಡುತ್ತಿದ್ದ ಕನ್ನಡ ಕೇಳಿದ್ದೇ ತಡ, "ಅಕ್ಕಾ, ನಮ್ಮ ಕಡಿಯವ್ರೇನ್ರಿ?" ಎಂದು ನಿಂತ. ಮಕ್ಕಳ ಬಗ್ಗೆ ಕೇಳಿದೆ. ಹಿರಿಯವಳು ಭಾಗ್ಯ, ಹನ್ನೆರಡು ವರ್ಷ. ಶಾಲೆ?

"ಮನ್ಯಾಗ ಓದ್ತಾಳ್ರಿ. ನಿಮ್ಮ ಬಿಲ್ಡಿಂಗಿನ ದೊಡ್ಡ ಮಂದಿ ಮಕ್ಕಳೂ ಮನ್ಯಾಗ ಓದ್ತಾವಂತಲ್ರಿ!"

ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ವಾಚ್‌ಮನ್ ಹೇಳಿದ್ದನ್ನು ಕೇಳಿ ನೆಮ್ಮದಿ ಪಟ್ಟಿದ್ದ, ಅಷ್ಟೇ.

ಮರುದಿನ ತಾರಾಳ ಹಳೆಯ ಪುಸ್ತಕಗಳನ್ನು ಹಿಡಿದು ನಾನೂ ನಂದಿತಾರೂ ಶೆಡ್ಡಿಗೆ ಹೋದೆವು. ಭಾಗ್ಯ ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಸ್ಟೋವಿನ ಮೇಲಿನ ಅನ್ನ ನೋಡುತ್ತಿದ್ದಳು. ಪುಸ್ತಕ ಕೊಟ್ಟೆ. ಅಕ್ಷರದ ಮೇಲೆ ಬೆರಳಿಟ್ಟು ಎರಡು ಸಾಲು ಓದಿದಳು, ಮೂರನೆಯದಕ್ಕೆ ನಿಂತಳು.

"ಮೊದಲ ಬರ್ತಿತ್ರಿ," ಎಂದಳು. "ಊರಾಗ ನಾಲ್ಕನೇ ಕ್ಲಾಸಿನ್ಯಾಗಿದ್ದಾಗ."

ನಂದಿತಾ ಹೊರಬಂದರು. ರಸ್ತೆ ದಾಟಿದ ಮೇಲೆ, "ನಾನು ಮಾಡ್ತಿರೋದು ಇದಲ್ಲ," ಎಂದರು.

"ಗೊತ್ತೈತ್ರಿ. ಆದರ ಹೊರಗಿನವರಿಗೆ ಎರಡೂ ಒಂದೇ ಕಾಣ್ತಾವ. ನಿಮ್ಮ ಬಾಗಿಲಾನೂ ಯಾರೂ ತಟ್ಟೂದಿಲ್ಲ, ಆಕೀದೂ ತಟ್ಟೂದಿಲ್ಲ."

"ನನ್ನ ಬಾಗಿಲು ತಟ್ಟಿದ್ರೆ ತಾರಾಗೆ ಭಯ ಆಗ್ತದೆ."

"ತಟ್ಟದಿದ್ರ ಭಾಗ್ಯಾಗ ಯಾರೂ ಇಲ್ಲ."

ನಂದಿತಾ ಬಿಲ್ಡಿಂಗಿನ ಗೇಟಿನ ಬಳಿ ನಿಂತರು. "ಬರಲಿ ಹಾಗಾದ್ರೆ," ಎಂದರು. "ವರ್ಷಕ್ಕೊಮ್ಮೆ ಬರಲಿ. ಆದ್ರೆ ಇದೇ ಪುಸ್ತಕ, ಇದೇ ಪಾಠ ಅನ್ನೋದು ಬೇಡ. ಯಾವ ಭಾಷೆಯಲ್ಲಾದ್ರೂ ಸರಿ, ಮಗು ಓದ್ತದಾ, ಲೆಕ್ಕ ಮಾಡ್ತದಾ, ಖುಷಿಯಾಗಿದೆಯಾ ನೋಡಲಿ. ಕೂತು ಕೇಳಲಿ, ನಿಲ್ಲಿಸಿ ಕೇಳೋದು ಬೇಡ."

ಬೇಕಾದ ಕಾನೂನು ಇದಕ್ಕಿಂತ ದೊಡ್ಡದೇನಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಅದನ್ನು ಬರೆಯುವವರು ಕೂತು ಕೇಳುವ ಜನರನ್ನು ಎಲ್ಲಿಂದ ತರುತ್ತಾರೋ, ಅದು ಮಾತ್ರ ತಿಳಿಯದು.

ಹತ್ತಿರದ ಮಹಾನಗರಪಾಲಿಕೆಯ ಕನ್ನಡ ಶಾಲೆಗೆ ನಾವಿಬ್ಬರೂ ಭಾಗ್ಯಳನ್ನು ಕರೆದೊಯ್ದೆವು. ಮಕ್ಕಳೇ ಸಾಲದ ಶಾಲೆ. ಮುಖ್ಯಶಿಕ್ಷಕಿ ಸಂತೋಷದಿಂದ ಸೇರಿಸಿಕೊಂಡರು. ಸಣ್ಣವನನ್ನು ನೋಡುವವರು ಯಾರು ಎಂದು ಬಸಪ್ಪ ತಕರಾರು ತೆಗೆದ. ಅವನ ಹೆಂಡತಿ ಬುಟ್ಟಿ ಕೆಳಗಿಟ್ಟು, "ನಾ ಕೆಲಸಕ್ಕ ಒಯ್ತೀನಿ. ಆಕಿ ಹೋಗ್ಲಿ," ಎಂದಳು.

ಮಳೆಗಾಲವಿಡೀ ಭಾಗ್ಯ ಶಾಲೆಗೆ ಹೋದಳು. ಸಂಜೆ ನಮ್ಮ ಮನೆಗೆ ಬರುತ್ತಿದ್ದಳು. ತಾರಾ ಅವಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ತಾರಾಳ ಮಾತು ನಿಂತಾಗ ಭಾಗ್ಯ ನಗುತ್ತಿರಲಿಲ್ಲ, ಮುಂದಿನ ಶಬ್ದಕ್ಕೆ ಸುಮ್ಮನೆ ಕಾಯುತ್ತಿದ್ದಳು.

ದಸರೆಯ ಹೊತ್ತಿಗೆ ಸ್ಲ್ಯಾಬಿನ ಕೆಲಸ ಮುಗಿಯಿತು. ಒಂದು ಬೆಳಿಗ್ಗೆ ನೋಡಿದರೆ ಶೆಡ್ಡೇ ಇರಲಿಲ್ಲ. ಪನವೇಲ್ ಕಡೆ ಹೋದರೆಂದು ಒಬ್ಬ, ವಿರಾರ್ ಎಂದು ಇನ್ನೊಬ್ಬ. ಬಸಪ್ಪನ ಫೋನು ಹತ್ತಲಿಲ್ಲ. ಶಾಲೆಗೆ ಹೋಗಿ ಕೇಳಿದೆ. "ನಮ್ಮ ವಾರ್ಡ್ ದಾಟಿದ ಮಗುವನ್ನ ಹುಡುಕೋದು ನಮ್ಮ ಕೈಲಿಲ್ಲ," ಎಂದರು ಮುಖ್ಯಶಿಕ್ಷಕಿ. ಅವರ ಕಣ್ಣೂ ತುಂಬಿತ್ತು. ಭಾಗ್ಯ ಈಗ ಎಲ್ಲೋ ಮತ್ತೆ 'ಮನ್ಯಾಗ ಓದುತ್ತಿರಬೇಕು'. ತಾರಾ ಇಂದಿಗೂ ಸಂಜೆಯಾದರೆ ಅವಳು ಸಿಕ್ಕಳೇ ಎಂದು ಕೇಳುತ್ತಾಳೆ.

ಈಚೆಗೆ ರಂಜಾನ್ ಹಬ್ಬಕ್ಕೆ ಊರಿಗೆ ಹೋಗಿದ್ದೆ. ವಿಜಯಪುರದಿಂದ ಹಳ್ಳಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತ ಮುದುಕಿ ಒಂದೇ ಉಸಿರಿಗೆ ವಿಚಾರಿಸಿದಳು: ಯಾರ ಮಗಳು, ಗಂಡನ ಪಗಾರ ಎಷ್ಟು, ಮಕ್ಕಳು ಯಾಕಾಗಿಲ್ಲ? ಮೈ ಉರಿದು ಹೋಯಿತು. ಯಾರೂ ಏನೂ ಕೇಳದ ಮುಂಬಯಿಯೇ ವಾಸಿ ಎನಿಸಿತು. ಹಬ್ಬ ಮುಗಿಸಿ ರೈಲು ಹತ್ತಿದೆ. ಎದುರಿನ ಸೀಟಿನಲ್ಲಿ ಇಡೀ ಸಂಸಾರವೇ ಕೂತಿತ್ತು. ಯಾರೂ ತಲೆಯೆತ್ತಿ ನೋಡಲಿಲ್ಲ. ಸೊಲ್ಲಾಪುರ ದಾಟಿತು, ಪುಣೆ ದಾಟಿತು. ಯಾರಾದರೂ ಏನಾದರೂ ಕೇಳಲಿ ಎಂದು ನಾನು ಕಾಯುತ್ತಲೇ ಇದ್ದೆ.