ತಿಂಗಳ ರೊಟ್ಟಿ

ಪಕ್ಕದ ಮನೆಯಲ್ಲಿ ಮದುವೆ ಇದೆ ಎಂದುಕೊಂಡು ನಾನು ಒಂದು ಭಾನುವಾರ ಅಂಗಿಗೆ ಇಸ್ತ್ರಿ ಹಾಕಿಸಿ, ಬೆಳಗಿನ ತಿಂಡಿಯನ್ನೂ ಬಿಟ್ಟು, ಊಟಕ್ಕೆ ಕರೆಯುತ್ತಾರೆಂದು ಕಾದು ಕುಳಿತಿದ್ದೆ. ಅದು 2009ರ ಏಪ್ರಿಲ್, ಪೀಣ್ಯದ ಶೀಟಿನ ಮನೆಗಳ ವಠಾರ. ಆ ಮನೆಯ ಶೇಖವ್ವ, ಕಟ್ಟಡ ಕೆಲಸಕ್ಕೆ ಹೋಗುವವಳು, ಅಂಗಳದಲ್ಲಿ ಮೂರು ಕಲ್ಲಿಟ್ಟು, ಬೆಳಗಿನಿಂದ ಜೋಳದ ರೊಟ್ಟಿ ಬಡಿಯುತ್ತಲೇ ಇದ್ದಳು. ನೂರು ದಾಟಿತ್ತು. ಮಧ್ಯಾಹ್ನವಾದರೂ ಯಾರೂ ಕರೆಯಲಿಲ್ಲ. ಹಸಿವು ತಡೆಯದೆ ನಾನೇ ಹೋಗಿ, "ಮದುವೆ ಯಾರ್ದಕ್ಕಾ?" ಎಂದೆ.

"ಯಾರ ಲಗ್ನಾನೂ ಇಲ್ಲೋ ತಮ್ಮಾ. ಇದು ತಿಂಗಳ ರೊಟ್ಟಿ," ಎಂದು ನಕ್ಕಳು.

ಒಣಗಿಸಿಟ್ಟರೆ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲವಂತೆ. ಉರುವಲು ಸೆಂಟ್ರಿಂಗ್ ಹಲಗೆಯ ಚೂರುಗಳು, ಮೇಸ್ತ್ರಿಯನ್ನು ಕೇಳಿ ತಂದದ್ದು. ನಂಚಿಕೊಳ್ಳಲು ಶೇಂಗಾ ಚಟ್ನಿ, ಹಸಿ ಈರುಳ್ಳಿ. ಒಳಗೆ ಒಲೆ ಹಚ್ಚದಿದ್ದರೆ ಗ್ಯಾಸೂ ಉಳಿಯುತ್ತದೆ, ಕಾದ ಶೀಟಿನ ಕೆಳಗೆ ಸೆಕೆಯೂ ಅಷ್ಟು ಕಡಿಮೆ. ಹೀಗೆ ಉಳಿದ ದುಡ್ಡೆಲ್ಲ ಆರ್‌ಸಿಸಿ ತಾರಸಿಯ ಬಾಡಿಗೆ ಮನೆಯೊಂದರ ಅಡ್ವಾನ್ಸಿಗೆ. ದಿನವಿಡೀ ಬೇರೆಯವರ ಆರ್‌ಸಿಸಿಗೆ ಕಾಂಕ್ರೀಟು ಹೊರುವ ಆಕೆಗೆ ಅಂಥದ್ದರ ಕೆಳಗೆ ಒಂದು ಬೇಸಿಗೆ ಮಲಗುವ ಆಸೆ.

ಇಷ್ಟರಿಂದ ಮನೆ ಸಿಕ್ಕೀತೇ ಎಂದು ನನಗೆ ಅನುಮಾನ. ಆಕೆಯೇ ಕೊಟ್ಟ ರೊಟ್ಟಿ ಮುರಿಯುತ್ತ ಕೇಳಿಯೇಬಿಟ್ಟೆ. "ಬಿಸಿ ಅನ್ನಾನೂ ಮಾಡ್ದೆ ಇಷ್ಟೊಂದು ಜಿಪುಣತನ ಬೇಕಾ ಅಕ್ಕಾ?"

ಶೇಖವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ನೀ ದಿನಾ ಹೋಟೆಲ್‌ದಾಗ ಬಿಸಿ ಅನ್ನ ತಿಂದು ಮುಂದಿನ ಬ್ಯಾಸಿಗ್ಯಾಗೂ ಇದ ಶೀಟಿನ ಕೆಳಗ ಬೇಯ್ತಿ. ನಾ ಬೇಯಂಗಿಲ್ಲ."