ಗಂಗತ್ತಿಯ ವಿಲಾಯ್ತಿ ಸಿನಿಮಾಗಳು

ಮೊನ್ನೆ ಮೊಮ್ಮಗಳು ನನ್ನ ಮಂಚದ ತುದಿಗೆ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಪುಟ್ಟ ಸೀಸೆಯ ಮುಚ್ಚಳ ತೆಗೆದ ಕೂಡಲೇ ಕೋಣೆಯ ತುಂಬ ಒಂದು ವಾಸನೆ ಹರಡಿತು. ಕಳಿತ ಬಾಳೆಹಣ್ಣಿಗೆ ಸ್ಪಿರಿಟ್ ಬೆರೆಸಿದಂಥ, ಮೂಗಿನೊಳಗೆ ತಣ್ಣಗೆ ಇಳಿಯುವ ವಾಸನೆ. ಅವಳ ಪಾಲಿಗೆ ಅದು ಉಗುರಿನ ಬಣ್ಣ. ನನ್ನ ಪಾಲಿಗೆ ಆಳಂದದ ನಮ್ಮ ಮನೆಯ ಪಡಸಾಲೆ, ಕಿಟಕಿಯಿಂದ ಬೀಳುವ ಹತ್ತು ಗಂಟೆಯ ಬಿಸಿಲು, ಆ ಬಿಸಿಲಿನಲ್ಲಿ ಚಾಪೆ ಹಾಸಿಕೊಂಡು ಕೂತ ಗಂಗತ್ತಿ. ಹರಿದ ಫಿಲ್ಮಿನ ಎರಡು ತುದಿಗಳನ್ನು ಬ್ಲೇಡಿನಿಂದ ಕೆರೆದು, ಸೀಸೆಯ ಅಂಟನ್ನು ಕಡ್ಡಿಯಿಂದ ಸವರಿ, ಒಂದರ ಮೇಲೊಂದು ಇಟ್ಟು ಬೆರಳುಗಳ ನಡುವೆ ಒತ್ತಿ ಹಿಡಿದು ಬಾಯೊಳಗೇ ಇಪ್ಪತ್ತು ಎಣಿಸುತ್ತಿದ್ದಳು. ಅಷ್ಟರೊಳಗೆ ಯಾರಾದರೂ ಮಾತಾಡಿಸಿದರೆ ಕಣ್ಣಲ್ಲೇ ಗದರಿಸುವಳು. ಆ ಅಂಟಿನ ವಾಸನೆ ನಮ್ಮ ಮನೆಯ ರೊಟ್ಟಿಗೂ ಹತ್ತಿರುತ್ತಿತ್ತು ಎಂದು ಅವ್ವ ಗೊಣಗುತ್ತಿದ್ದಳು.

ಗಂಗತ್ತಿ ನನ್ನ ಅಪ್ಪನ ತಂಗಿ. ಅವಳ ಗಂಡ ಸೊಲ್ಲಾಪುರದ ಗಿರಣಿಯಲ್ಲಿ ಮಿಸ್ತ್ರಿಯಾಗಿದ್ದವನು. ಎಲ್ಲಿಂದಲೋ ಒಂದು ಹಳೆಯ ಸಿನಿಮಾ ಮಷೀನು ಕೊಂಡು, ಟೆಂಟು ಹೊಲಿಸಿ, ಹಳ್ಳಿಗಳ ಮೇಲೆ ತಿರುಗಲು ಶುರು ಮಾಡಿದ ಎರಡನೆಯ ವರ್ಷಕ್ಕೆ ವಿಷಮಜ್ವರ ಬಂದು ತೀರಿಕೊಂಡ. ಇಪ್ಪತ್ತಾರರ ಹರೆಯದ ಅತ್ತಿ ತವರಿಗೆ ಬಂದಳು. ಒಬ್ಬಳೇ ಬರಲಿಲ್ಲ, ಬಂಡಿಯಲ್ಲಿ ಮಷೀನು, ಟೆಂಟು, ಕೂಗಿ ಹೇಳುವ ತಗಡಿನ ಭೋಂಗಾ ಎಲ್ಲ ಹೇರಿಕೊಂಡು ಬಂದಳು. ಮಾರಿಬಿಡು ಎಂದು ಬಂಧುಗಳೆಲ್ಲ ಹೇಳಿದರು. ಶಾಲಾ ಮಾಸ್ತರನಾಗಿದ್ದ ಅಪ್ಪ ಮಾತ್ರ ಹಿತ್ತಲ ಕೋಣೆ ಖಾಲಿ ಮಾಡಿಸಿ ಮಷೀನಿಗೆ ಜಾಗ ಮಾಡಿಕೊಟ್ಟ. ಮಷೀನು ನಡೆಸಲು ಸಿದ್ರಾಮ ಇದ್ದ. ಊರ ಹೊರಗಿನ ಕೇರಿಯವನು, ಅತ್ತಿಯ ಗಂಡನ ಕೈಯಲ್ಲೇ ಕೆಲಸ ಕಲಿತವನು. ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ಅವನಿಗೆ ಹೊಸ್ತಿಲ ಹೊರಗೇ ನೀರು ಕೊಡುತ್ತಿದ್ದರು. ಗಂಗತ್ತಿ ಅವನ ಜತೆ ಒಂದೇ ಚಾಪೆಯ ಮೇಲೆ ಕೂತು ರೀಲು ಸುತ್ತುತ್ತಿದ್ದಳು. ಅದಕ್ಕೂ ಓಣಿಯಲ್ಲಿ ಮಾತಾಗಿತ್ತು.

ಆಳಂದದಲ್ಲಿ ಹದಿನೈದು ದಿನ, ಆಮೇಲೆ ಅಫಜಲಪುರ, ಆಮೇಲೆ ಜೇವರ್ಗಿ. ಹೀಗೆ ಟೆಂಟು ಸುತ್ತುತ್ತಿತ್ತು. ಹೊಸ ಹಿಂದಿ ಸಿನಿಮಾಗಳು ಅತ್ತಿಯ ಕೈಗೆ ನಿಲುಕುತ್ತಿರಲಿಲ್ಲ. ಸೊಲ್ಲಾಪುರದ ಏಜೆಂಟನೊಬ್ಬ ಗೋರಾ ಸಿಪಾಯಿಗಳು ನೋಡಿ ಬಿಟ್ಟ ವಿಲಾಯ್ತಿ ಸಿನಿಮಾಗಳನ್ನು ಕಳಿಸುತ್ತಿದ್ದ. ನಿಮ್ಮಲ್ಲಿ ವಯಸ್ಸಾದವರು ಅಂಥವನ್ನು ನೋಡಿರಬಹುದು. ಮಳೆಯಲ್ಲಿ ಹೊಳೆಯುವ ಡಾಂಬರು ರಸ್ತೆ, ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡ ಗಂಡಸರು, ಸಿಗರೇಟಿನ ಹೊಗೆ, ಪಿಸ್ತೂಲು. ನಡುವೆ ಒಬ್ಬಳು ಹೆಣ್ಣು. ಮೊದಲ ರೀಲಿನಲ್ಲಿ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದವಳು ನಾಲ್ಕನೆಯ ರೀಲಿಗೆ ತುಪ್ಪಳದ ಕೋಟು ತೊಟ್ಟು ಕಾರಿನಿಂದ ಇಳಿಯುತ್ತಿದ್ದಳು. ಕಳ್ಳಸಾಗಣೆಯ ದೊರೆಯೊಬ್ಬ ಅವಳನ್ನು ಮೇಲಕ್ಕೆತ್ತುತ್ತಿದ್ದ, ಕೊನೆಯ ರೀಲಿನಲ್ಲಿ ಅವಳು ಗುಂಡು ತಿಂದು ಮೆಟ್ಟಿಲ ಮೇಲೆ ಉರುಳುತ್ತಿದ್ದಳು. ಮಾತು ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಅತ್ತಿ ಪರದೆಯ ಪಕ್ಕ ನಿಂತು ಭೋಂಗಾದಲ್ಲಿ ಕತೆ ಹೇಳುತ್ತಿದ್ದಳು. ಅವಳಿಗೂ ಇಂಗ್ಲಿಷು ಬರುತ್ತಿರಲಿಲ್ಲ. ಮುಖ ನೋಡಿಯೇ ಮಾತು ಕಟ್ಟುತ್ತಿದ್ದಳು. ಮೆಟ್ಟಿಲ ಮೇಲೆ ಹೆಣ್ಣು ಉರುಳಿದಾಗ ಮಾತ್ರ, "ಸತ್ತಿಲ್ಲ ಬೇ, ಮೂರ್ಛಿ ಬಂದದ. ನಾಳೆ ದವಾಖಾನ್ಯಾಗ ಎದ್ದು ಕೂಡತಾಳ" ಎಂದು ತಪ್ಪದೆ ಹೇಳುವಳು. ಪರದೆಯ ಈಚೆ ಕೂತ ಹೆಂಗಸರು ನಿಟ್ಟುಸಿರು ಬಿಡುತ್ತಿದ್ದರು. ಹಾಗೇಕೆ ಸುಳ್ಳು ಹೇಳುತ್ತಿ ಎಂದು ನಾನು ಒಮ್ಮೆ ಕೇಳಿದ್ದೆ. "ಅವರು ಮನಿಗೆ ಹೋಗಿ ರೊಟ್ಟಿ ಬಡೀಬೇಕು. ಹೆಣ ನೋಡಿ ಹೋಗಿ ಯಾರ ರೊಟ್ಟಿ ಬಡೀತಾರ?" ಎಂದಿದ್ದಳು.

ಅದು ನಲವತ್ತೇಳರ ಕೊನೆ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ನಾವು ನಿಜಾಮರ ಸೀಮೆಯವರು. ಗಡಿಯಾಚೆಯಿಂದ ಸೀಮೆಎಣ್ಣೆ, ಅರಿವೆ, ಔಷಧ ಬರುವುದು ಕಡಿಮೆಯಾಗುತ್ತ ಬಂತು. ಊರೂರಲ್ಲಿ ದೊಣ್ಣೆ ಬಂದೂಕು ಹಿಡಿದವರ ಓಡಾಟ ಹೆಚ್ಚಿ, ಶಾಲೆ ನಡೆದರೆ ನಡೆಯಿತು, ಇಲ್ಲದಿದ್ದರೆ ಇಲ್ಲ. ಮಷೀನಿನ ದೀಪಕ್ಕೆ ಬೇಕಾದ ಕಾರ್ಬನ್ ಕಡ್ಡಿ ಸಿಗದೆ ಅತ್ತಿಯ ಟೆಂಟು ಒಂದು ತಿಂಗಳು ಏಳಲೇ ಇಲ್ಲ. ಆಗ ಅವಳು ಶಂಕರರಾಯನ ಬಳಿ ಹೋದಳು. ಅವನನ್ನು ಎಲ್ಲರೂ ದಾದಾ ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಧೋತರ, ಏಲಕ್ಕಿ ಹಾಕಿದ ವೀಳ್ಯ, ಮಕ್ಕಳಿಗೂ ಬಹುವಚನ. ಗಡಿಯ ಈಚೆ ಆಚೆ ಹೋಗುವ ಕಳ್ಳಮಾಲೆಲ್ಲ ಅವನ ಬಂಡಿಗಳಲ್ಲೇ ಹೋಗುತ್ತಿತ್ತು. ಅದು ಎಲ್ಲರಿಗೂ ಗೊತ್ತಿದ್ದರೂ ಬಾಯಿಬಿಟ್ಟು ಹೇಳುವವರಿರಲಿಲ್ಲ. ಕಾರ್ಬನ್ ಕಡ್ಡಿ, ಎಣ್ಣೆ ಎರಡನ್ನೂ ಒದಗಿಸುತ್ತೇನೆಂದ ದಾದಾ, ಬದಲಿಗೆ ಅವಳ ರೀಲಿನ ಡಬ್ಬಿಗಳಲ್ಲಿ ತನ್ನದೂ ಸ್ವಲ್ಪ ಮಾಲು ಬರಲಿ ಎಂದ. ಮುಂದೆ ಹತ್ತಿಯ ಗೋದಾಮೊಂದನ್ನು ಅವಳಿಗೇ ಬಿಟ್ಟುಕೊಟ್ಟು, ಕಲ್ಲಿನ ಗೋಡೆಯ ಪಕ್ಕಾ ಥಿಯೇಟರು ಮಾಡಿಸುತ್ತೇನೆ ಎಂದೂ ಹೇಳಿದ. ಗಂಗತ್ತಿಗೆ ಅದೇ ಬೇಕಿತ್ತು. ಮಳೆಗಾಲದಲ್ಲೂ ನಿಲ್ಲದ ಸಿನಿಮಾ, ಹೆಂಗಸರಿಗೆ ಬೆನ್ನು ಇರುವ ಬೆಂಚು, ಆಳಂದದಲ್ಲೊಂದು, ಆಮೇಲೆ ಅಫಜಲಪುರದಲ್ಲಿ, ಜೇವರ್ಗಿಯಲ್ಲಿ. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಬಾಗಿಲು ಎಲ್ಲಿ, ಮಷೀನಿನ ಕೋಣೆ ಎಲ್ಲಿ ಎಂದು ಗೆರೆ ಎಳೆದು ನನಗೆ ತೋರಿಸುತ್ತಿದ್ದಳು.

ಹದಿನೈದು ದಿನಕ್ಕೊಮ್ಮೆ ನಮ್ಮ ಬಂಡಿ ಕಿಣ್ಣಿ ಸುಲ್ತಾನ ಎಂಬ ಊರಿನ ಹೊಲಗಳ ನಡುವಿನ ದಾರಿ ಹಿಡಿದು ಗಡಿಯತ್ತ ಹೋಗುತ್ತಿತ್ತು. ಏಜೆಂಟನ ಕಡೆಯವನು ಗಡಿಯಾಚೆಯ ಹಳ್ಳಿಗೆ ಡಬ್ಬಿ ತಂದುಕೊಡುವನು. ಬಂಡಿ ಹೊಡೆಯುವವನು ಸಿದ್ರಾಮ, ಪಕ್ಕದಲ್ಲಿ ಅತ್ತಿ. ನನಗಾಗ ಹತ್ತು ವರ್ಷ. ಹೋಗುವಾಗ ಹುಲ್ಲಿನ ಮೇಲೆ ಕೂರುತ್ತಿದ್ದ ನನ್ನನ್ನು ಬರುವಾಗ ಅತ್ತಿ ಎತ್ತಿ ಡಬ್ಬಿಗಳ ಮೇಲೆ ಕೂಡಿಸುತ್ತಿದ್ದಳು. ಕಡಲೆ ಗಿಡದ ಹುಳಿ ಎಲೆ ಚೀಪುತ್ತ, ಎಲ್ಲರಿಗಿಂತ ಎತ್ತರದಲ್ಲಿ ಕೂತು ಬರುವುದು ನನಗೆ ಅಂಬಾರಿಯ ಮೇಲೆ ಕೂತಷ್ಟು ಹೆಮ್ಮೆ. ಗಡಿಯ ತಪಾಸಣೆಯ ನಾಕಾದಲ್ಲಿ ಮದರಂಗಿ ಹಚ್ಚಿದ ಗಡ್ಡದ ಮುದುಕ ಸಿಪಾಯಿಯೊಬ್ಬನಿದ್ದ. ಬೆಳಕು ಬಿದ್ದರೆ ಫಿಲ್ಮು ಸುಟ್ಟುಹೋಗುತ್ತದೆ ಎಂದು ಅತ್ತಿ ಅವನಿಗೆ ಹೇಳಿಟ್ಟಿದ್ದಳು. ಅವನು ನಂಬಿದ್ದನೋ, ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದನೋ ತಿಳಿಯದು.

"ಬೇಟಿ, ಈ ಸಲ ಯಾವ ಖೇಲ್ ಅದ?" ಎಂದು ಕೇಳುವನು. ನಾನು ಡಬ್ಬಿಗಳ ಮೇಲಿಂದಲೇ ಅತ್ತಿಯ ದನಿಯಲ್ಲಿ ಕತೆ ಹೇಳುತ್ತಿದ್ದೆ. ಅವನು ಬಂದೂಕನ್ನು ಗೋಡೆಗೆ ಆನಿಸಿ, ಗಡ್ಡ ನೇವರಿಸುತ್ತ ಕೇಳಿ, ಕೊನೆಗೆ "ಆಕಿ ಬದುಕಿದಳಲ್ಲ? ಬಸ್, ಹೋಗ್ರಿ" ಎಂದು ದಾರಿಗೆ ಅಡ್ಡ ಕಟ್ಟಿದ ಬಿದಿರು ಎತ್ತುತ್ತಿದ್ದ.

ಹೀಗೆ ನಾಲ್ಕು ಸಲವೋ ಐದು ಸಲವೋ ಆಯಿತು. ಹೊಲಿಗೆ ಮಷೀನಿನ ಸೂಜಿ, ಗುಳಿಗೆ ಔಷಧ, ರೇಶಿಮೆ ಅರಿವೆ ಅಂಥವು ಡಬ್ಬಿಯಲ್ಲಿರುತ್ತಿದ್ದವು ಎಂದು ಸಿದ್ರಾಮ ಆಮೇಲೆ ಹೇಳಿದ. ಬೇಸಿಗೆ ಹತ್ತಿದಾಗ, ಕೊನೆಯ ಸಲ, ನಾವು ನಾಕಾ ದಾಟಿ ನೆಟ್ಟಗೆ ಅಫಜಲಪುರದ ಟೆಂಟಿಗೆ ಹೋದೆವು. ಹಾದಿಯಲ್ಲೊಂದು ಕಡೆ ವಸ್ತಿ ಮಾಡಿ, ಮರುದಿನ ಮಧ್ಯಾಹ್ನ ತಲುಪಿದಾಗ ಸಿದ್ರಾಮ ಡಬ್ಬಿ ಇಳಿಸುತ್ತ ನಿಂತುಬಿಟ್ಟ. ರೀಲಿನ ತೂಕ ಅವನ ಕೈಗೆ ಗೊತ್ತಿತ್ತು.

"ಅವ್ವಾರ, ಈ ಡಬ್ಬಿ ಭಾಳ ಭಾರ ಅದರಿ" ಎಂದ.

ಅತ್ತಿ ಮುಚ್ಚಳ ತೆಗೆದಳು. ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಹಿತ್ತಾಳೆಯ ತೋಟಾಗಳು ಸಾಲಾಗಿ ಮಲಗಿದ್ದವು. ಬಂದೂಕಿನ ಗುಂಡು ಎಂದು ನನಗೆ ತಿಳಿಯಲಿಲ್ಲ, ಹೊಳೆಯುತ್ತಿದ್ದವು, ಚೆಂದ ಕಂಡವು. ಮುಟ್ಟಲು ಹೋದ ನನ್ನ ಕೈಯನ್ನು ಅತ್ತಿ ಹಿಡಿದುಕೊಂಡಳು. ಸಿಕ್ಕಿಬಿದ್ದಿದ್ದರೆ ಮೊದಲು ಹೆಣವಾಗುತ್ತಿದ್ದವನು ಸಿದ್ರಾಮನೇ. ಆದರೂ ಅವನು ತನ್ನ ಜೀವದ ಮಾತು ಎತ್ತಲಿಲ್ಲ. ತಲೆ ತಗ್ಗಿಸಿ, "ಕೂಸು ಇದರ ಮ್ಯಾಲ ಕುಂತಿತ್ತಲ್ಲರಿ" ಎಂದನಷ್ಟೇ.

ಮಾಲು ಒಯ್ಯಲು ಸಂಜೆಗೆ ಮುಂಚೆ ದಾದಾ ತಾನೇ ಬಂದ. ನಾನು ಟೆಂಟಿನಲ್ಲಿ ಹೆಂಗಸರಿಗೆಂದು ಕಟ್ಟಿದ ಅಡ್ಡ ಪರದೆಯ ಹಿಂದೆ ಇದ್ದೆ. ಅತ್ತಿ ಅವನಿಗೆ ಕೂರಲು ಹೇಳಲಿಲ್ಲ.

"ತೋಟಾ ಅದಾವ ಅಂತ ನನಗ ಯಾಕ ಹೇಳಲಿಲ್ಲರಿ?"

"ಹೇಳಿದ್ರ ನಿಮ್ಮ ಮುಖದಾಗ ಅಂಜಿಕಿ ಕಾಣತಿತ್ತು, ಗಂಗಾಬಾಯಿ."

"ಯಾರಿಗೆ ಹೋಗತಾವ ಇವು?"

"ಯಾರಿಗೆ ಬೇಕೋ ಅವರಿಗೆ. ಈ ಕಡೆಯವರೂ ಕೇಳತಾರ, ಆ ಕಡೆಯವರೂ ಕೇಳತಾರ."

"ಇದರ ಮ್ಯಾಲ ನಮ್ಮಣ್ಣನ ಮಗಳು ಕುಂತಿದ್ಳು."

ದಾದಾ ನಕ್ಕ. ಕೆಟ್ಟ ನಗೆಯಲ್ಲ, ಮೆಚ್ಚಿಗೆಯ ನಗೆ. "ಅದಕ್ಕೇ ನಾಕಾದಾಗ ಯಾರೂ ಮುಟ್ಟಲಿಲ್ಲ. ಕೂಸಿನ್ನ ಕೂಡಸೋ ಯುಕ್ತಿ ನನಗೂ ಹೊಳದಿರಲಿಲ್ಲ. ನೀವು ಭಾಳ ಶ್ಯಾಣ್ಯಾರ ಅದೀರಿ."

ಅತ್ತಿ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಆಮೇಲೆ, "ನಿಮ್ಮ ಮಾಲು ಎತ್ತಿಕೋರಿ. ಇನ್ನ ಮ್ಯಾಲ ನನ್ನ ಡಬ್ಬಿ ಕೊಡಂಗಿಲ್ಲ" ಎಂದಳು.

"ಥಿಯೇಟರ್ ಬ್ಯಾಡೇನ್ರಿ?"

"ಬೇಕು. ಈ ಹೊತ್ತಿಗೂ ಬೇಕು. ನೀವು ಹೋಗ್ರಿ."

ದಾದಾ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಹೋದ. ಅವನ ಆಳುಗಳು ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದರು. ಆ ದಿನವೂ ಟೆಂಟು ತುಂಬಿತು, ಅತ್ತಿ ಭೋಂಗಾ ಹಿಡಿದು ನಿಂತಳು. ಮೆಟ್ಟಿಲ ಮೇಲೆ ಹೆಣ್ಣು ಉರುಳಿದಾಗ ಎಲ್ಲರೂ ಕಾಯುತ್ತಿದ್ದರು. ಅತ್ತಿ ಏನೂ ಹೇಳಲಿಲ್ಲ. ದೀಪ ಹತ್ತಿದ ಮೇಲೆ ಹೆಂಗಸರು ಎದ್ದುಹೋದರು.

ಆಳಂದಕ್ಕೆ ಬಂದ ಮೇಲೆ ಊಟಕ್ಕೆ ಕೂತಾಗ ನಾನೇ ಅಪ್ಪನಿಗೆ ಹೇಳಿದೆ, ನಾನು ಕೂತ ಡಬ್ಬಿಯಲ್ಲಿ ಹಿತ್ತಾಳೆಯ ಚೆಂದದ ಕೊಳವೆಗಳಿದ್ದವು ಅಂತ. ಹೇಳಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಅಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟ. ಅವನು ದನಿ ಎತ್ತಿದ್ದನ್ನು ನಾನು ಎಂದೂ ಕೇಳಿಲ್ಲ, ಅಂದೂ ಎತ್ತಲಿಲ್ಲ. "ಗಂಗಾ, ಖರೇ ಏನಿದು?" ಎಂದ. ಖರೆ ಎಂದಳು ಅತ್ತಿ. "ನನ್ನ ಮಗಳು ಇನ್ನ ನಿನ್ನ ಬಂಡಿ ಹತ್ತಂಗಿಲ್ಲ" ಎಂದು ಕೈ ತೊಳೆದುಕೊಂಡು ಎದ್ದ. ಅಷ್ಟೇ. ಅಂದಿನಿಂದ ಅವನು ತಂಗಿಯ ಹೆಸರು ಹಿಡಿದು ಕರೆಯಲಿಲ್ಲ. ಒಂದೇ ಮನೆಯಲ್ಲಿ ಅವರಿಬ್ಬರೂ ಒಬ್ಬರ ನೆರಳು ಒಬ್ಬರಿಗೆ ತಾಗದಂತೆ ನಡೆದಾಡತೊಡಗಿದರು. ನಡುವೆ ಅವ್ವ ಎರಡೂ ಕಡೆಗೆ ಮಾತು ಒಯ್ಯುತ್ತಿದ್ದಳು.

ಕೆಲವೇ ದಿನಗಳಲ್ಲಿ ಜೇವರ್ಗಿಯಲ್ಲಿ ಟೆಂಟು ಸುಟ್ಟಿತು. ಸುಡು ಮಧ್ಯಾಹ್ನ, ಸಿದ್ರಾಮ ಊಟಕ್ಕೆಂದು ಹೋಗಿದ್ದ ಹೊತ್ತು. ಆ ಕಾಲದ ಫಿಲ್ಮು ಕಿಡಿ ತಾಗಿದರೆ ಸಾಕು, ನೀರಿಗೂ ಅಂಜುತ್ತಿರಲಿಲ್ಲ. ರೀಲುಗಳು ಒಂದಾದ ಮೇಲೊಂದು ಭುಗ್ಗೆಂದು ಹೊತ್ತಿ, ಕಾಲು ತಾಸಿನಲ್ಲಿ ಕಂಬಗಳೂ ಉಳಿಯಲಿಲ್ಲವಂತೆ. ಓಡಿಬಂದ ಸಿದ್ರಾಮ ಒಳಗೆ ನುಗ್ಗಿ ಮಷೀನನ್ನು ಎಳೆಯಲು ಹೋಗಿ ಎರಡೂ ಮುಂಗೈ ಸುಟ್ಟುಕೊಂಡ. ಅತ್ತಿ ಅವನನ್ನು ಸೊಂಟ ಹಿಡಿದು ಹೊರಗೆ ಎಳೆದಳು. ಯಾರು ಹಚ್ಚಿದರೆಂದು ಯಾರೂ ಕೇಳಲಿಲ್ಲ. ಅವಳು ಆಳಂದಕ್ಕೆ ಬಂದು ನಮ್ಮ ಕಟ್ಟೆಯ ಮೇಲೆ ಕೂತಾಗ ಸೀರೆಯ ಸೆರಗಿನಲ್ಲಿ ಸುಟ್ಟ ತೂತುಗಳಿದ್ದವು. ಅವ್ವ ನೀರು ಕಾಯಿಸಿ ಮೈ ತೊಳೆದು, ಬಡಿಸಿದಳು. ಅಪ್ಪ ಹೊರಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಇಜೇರಿಯ ತನ್ನ ನಾದಿನಿಯ ಮನೆಗೆ ಹೊರಟುಹೋದಳು. ಹಿತ್ತಲ ಕೋಣೆಗೆ ಅವ್ವ ಕೆಲವು ದಿನ ಕಸ ಗುಡಿಸಿದಳು, ಆಮೇಲೆ ಅಲ್ಲಿ ಒಲೆಗೆ ಬೇಕಾದ ಸೆಗಣಿಯ ಕುಳ್ಳು ಒಟ್ಟಿದರು.

ಮಳೆಗಾಲ ಮುಗಿಯುವ ಮೊದಲೇ ಭಾರತದ ಸೈನ್ಯ ಬಂತು. ನಾಕಾ ಹೋಯಿತು, ಸಿಪಾಯಿ ಎಲ್ಲಿ ಹೋದನೋ ಗೊತ್ತಾಗಲಿಲ್ಲ. ದಾದಾ ಖಾದಿ ತೊಟ್ಟು ಎಲ್ಲರಿಗಿಂತ ಮುಂದೆ ನಿಂತು ಬಾವುಟ ಹಾರಿಸಿದ. ಎರಡು ವರ್ಷದೊಳಗೆ ಅದೇ ಗೋದಾಮಿನಲ್ಲಿ ಅವನ ಥಿಯೇಟರು ಆಯಿತು. ಅದರಲ್ಲಿ ಮಷೀನು ನಡೆಸಲು ಸಿದ್ರಾಮನನ್ನೇ ಕರೆದರು. ಅವನು ಇಜೇರಿಗೆ ಹೋಗಿ ಅತ್ತಿಯನ್ನು ಕೇಳಿದನಂತೆ. "ಹೋಗು. ಮಕ್ಕಳನ್ನ ಓದಸಬೇಕು ನೀ. ಸಿಟ್ಟು ಮಾಡಾಕ ನಾ ಒಬ್ಬಾಕಿ ಸಾಕು" ಎಂದಳಂತೆ. ಅವನು ನಲವತ್ತು ವರ್ಷ ಅಲ್ಲಿ ದುಡಿದ. ಅವನ ಮಗಳು ಈಗ ಕಲಬುರಗಿಯಲ್ಲಿ ಡಾಕ್ಟರಾಗಿದ್ದಾಳೆ. ನನ್ನ ಮೊಣಕಾಲಿಗೆ ಅವಳೇ ಔಷಧ ಬರೆದುಕೊಡುವುದು.

ನನ್ನ ಮದುವೆಗೆ ಅತ್ತಿ ಬಂದಳು. ಕರೆದವಳು ಅವ್ವ, ಅಪ್ಪನಿಗೆ ತಿಳಿಸದೆ. ಕೂದಲು ಬೆಳ್ಳಗಾಗಿತ್ತು, ಅವಳಿಗಿನ್ನೂ ನಲವತ್ತು ದಾಟಿರಲಿಲ್ಲ. ಅರಿಶಿನ ಮೆತ್ತಿದ ನನ್ನ ಕೈಗಳನ್ನು ಹಿಡಿದುಕೊಂಡು ಒಳಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದಳು.

"ತೋಟಾ ಅಂತ ನನಗ ಗೊತ್ತಿರಲಿಲ್ಲ, ತಂಗಿ. ಆದರ ನಿನ್ನ ಕೂಡಸಿದ್ದು ಗೊತ್ತಿದ್ದೇ. ಕೂಸು ಇದ್ರ ತೆಗದು ನೋಡಂಗಿಲ್ಲ ಅಂತ" ಎಂದಳು.

"ನನಗ ಅಲ್ಲಿ ಕೂಡೂದು ಭಾಳ ಸೇರತಿತ್ತು ಅತ್ತಿ" ಎಂದೆ. ಅದು ನಿಜವೂ ಆಗಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಹೊರಗೆ ಊಟದ ಪಂಗತಿಗಳು ಏಳುತ್ತಿದ್ದವು. ಅವಳು ಯಾರಿಗೂ ಕಾಣದಂತೆ ಹಿತ್ತಲ ಬಾಗಿಲಿನಿಂದ ಹೊರಡಲು ನೋಡಿದಾಗ ಅಪ್ಪ ಎದುರಿಗೇ ಬಂದ. ಕೈಯಲ್ಲಿ ಹೋಳಿಗೆಯ ಬುಟ್ಟಿಯಿತ್ತು. ಇಬ್ಬರೂ ನಿಂತರು.

"ಗಂಗಾ, ಊಟ ಆತೇನು?" ಎಂದ ಅಪ್ಪ.

"ಆತಣ್ಣ."

ಅವಳು ಬೆಳಗಿನಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಅಪ್ಪ ಅವಳ ಮುಖ ನೋಡಿದ. ಅಂಗಳದ ಮೂಲೆಯಲ್ಲಿ ತಾನೇ ಎಲೆ ಹಾಕಿ, ನೀರು ಚಿಮುಕಿಸಿ, ಎರಡು ಹೋಳಿಗೆ ಇಟ್ಟು, ಅವಳು ಬಂದು ಕೂರುವವರೆಗೆ ಅಲ್ಲೇ ಬಗ್ಗಿಕೊಂಡು ನಿಂತಿದ್ದ.